ಬಿರುಗಾಳಿ ಬಡಿದ ಊರಿನಲ್ಲಿ ಚಕ್ರದ ಮನೆಗಳು

ಅಮೆರಿಕದ ಫ್ಲಾರಿಡಾ ರಾಜ್ಯದ ವಾಯವ್ಯ ಭಾಗದಲ್ಲಿ, ಮೆಕ್ಸಿಕೊ ಕೊಲ್ಲಿಯ ದಂಡೆಗೆ ಅಂಟಿಕೊಂಡಂತೆ ಮೆಕ್ಸಿಕೊ ಬೀಚ್ ಎಂಬ ಪುಟ್ಟ ಊರಿದೆ. 2010ರ ಜನಗಣತಿಯ ಪ್ರಕಾರ ಅಲ್ಲಿದ್ದವರು 1,072 ಜನ. ಕಡಲು ಮತ್ತು ಊರಿನ ನಡುವೆ 98ನೇ ಹೆದ್ದಾರಿ ಹಾದುಹೋಗುತ್ತದೆ. ಅಕ್ಕಪಕ್ಕದ ಪ್ರವಾಸಿ ಪಟ್ಟಣಗಳಲ್ಲಿ ಕಾಣುವ ಮುಗಿಲೆತ್ತರದ ಹೋಟೆಲುಗಳು ಇಲ್ಲಿ ಬೆಳೆದಿರಲಿಲ್ಲ. ಚಳಿಗಾಲದಲ್ಲಿ ಉತ್ತರದ ಹಿಮದ ನಾಡುಗಳಿಂದ ನಿವೃತ್ತರು ತಮ್ಮ ಆರ್‌ವಿಗಳನ್ನು, ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಒಳಗೊಂಡ ಚಕ್ರದ ಮನೆಗಳನ್ನು ಓಡಿಸಿಕೊಂಡು ಬಂದು, ತಿಂಗಳುಗಟ್ಟಲೆ ಇಲ್ಲಿನ ತಂಗುದಾಣಗಳಲ್ಲಿ ಉಳಿದು, ವಸಂತ ಬಂದಾಗ ಮರಳುತ್ತಿದ್ದರು. 2018ರ ಅಕ್ಟೋಬರ್ 10ರ ಬುಧವಾರ ಮಧ್ಯಾಹ್ನ ಮೈಕಲ್ ಎಂಬ ಚಂಡಮಾರುತ ಈ ಊರಿನ ಪಕ್ಕದಲ್ಲೇ ನೆಲ ಮುಟ್ಟಿತು. ಊರಿನಲ್ಲಿದ್ದ 1,692 ಕಟ್ಟಡಗಳ ಪೈಕಿ 1,584 ಹಾನಿಗೊಂಡವು. ಅವುಗಳಲ್ಲಿ 809 ಕಟ್ಟಡಗಳು ಪೂರ್ತಿ ನಾಶವಾದವು.

ಇಂಥ ಊರು ಚೇತರಿಸಿಕೊಳ್ಳುವಾಗ ಅಲ್ಲಿನ ಆರ್‌ವಿ ತಂಗುದಾಣದಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ಮೇಲ್ನೋಟಕ್ಕೆ ಅದು ಗಾಡಿ ನಿಲ್ಲಿಸುವ ಬಯಲು ಮಾತ್ರ. ಆದರೆ ವಿಮೆ, ನೆರೆ ನಿಯಮ, ತೆರಿಗೆ, ಒಳಚರಂಡಿ, ಕಾರ್ಮಿಕರ ವಸತಿ, ಮನೆ ಕಳೆದುಕೊಂಡವರ ಆಸರೆ ಎಲ್ಲವೂ ಆ ಬಯಲಿನಲ್ಲಿ ಒಂದರ ಮೇಲೊಂದು ಬಂದು ಕೂರುತ್ತವೆ. ಇಷ್ಟೆಲ್ಲ ಸಂಗತಿಗಳನ್ನು ತೀರ್ಮಾನಿಸುವುದು ಒಂದೇ ಪ್ರಶ್ನೆ: ಅಲ್ಲಿ ನಿಂತಿರುವುದು ವಾಹನವೋ, ಮನೆಯೋ?

ಮೊದಲು ನಾಶದ ಬಗೆಯನ್ನು ತಿಳಿಯಬೇಕು, ಏಕೆಂದರೆ ಮುಂದಿನ ನಿಯಮಗಳೆಲ್ಲ ಅದರಿಂದ ಹುಟ್ಟಿದವು. ನೆಲ ಮುಟ್ಟುವಾಗ ಮೈಕಲ್‌ನ ಗಾಳಿಯ ವೇಗ ಗಂಟೆಗೆ ಸುಮಾರು 260 ಕಿಲೊಮೀಟರ್ ಇತ್ತು. ಮೊದಲು ಅದನ್ನು ನಾಲ್ಕನೆಯ ದರ್ಜೆಯ ಚಂಡಮಾರುತವೆಂದು ಗುರುತಿಸಲಾಗಿತ್ತು. ಮಾಹಿತಿಗಳನ್ನು ಮತ್ತೆ ಪರಿಶೀಲಿಸಿದ ಮೇಲೆ, 2019ರ ಏಪ್ರಿಲ್‌ನಲ್ಲಿ, ಅತ್ಯುನ್ನತವಾದ ಐದನೆಯ ದರ್ಜೆಗೆ ಏರಿಸಲಾಯಿತು. 1992ರ ಆ್ಯಂಡ್ರೂ ನಂತರ ಅಮೆರಿಕದ ಮುಖ್ಯ ಭೂಭಾಗಕ್ಕೆ ಆ ದರ್ಜೆಯ ಚಂಡಮಾರುತ ಅಪ್ಪಳಿಸಿದ್ದು ಅದೇ ಮೊದಲು. ಗಾಳಿ ಮಾಡಿದ ಹಾನಿಯೇ ದೊಡ್ಡದಾಗಿತ್ತಾದರೂ ಕಡಲಂಚಿನ ಬೀದಿಗಳನ್ನು ಗುಡಿಸಿ ಹಾಕಿದ್ದು ನೀರು. ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತದ ಗಾಳಿ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಅದು ಸಾಗುವ ದಿಕ್ಕಿನ ಬಲಬದಿಯಲ್ಲಿ ಕಡಲ ನೀರು ದಡದ ಕಡೆಗೆ ನೂಕಲ್ಪಡುತ್ತದೆ. ಮೆಕ್ಸಿಕೊ ಬೀಚ್ ಸರಿಯಾಗಿ ಆ ಬಲಬದಿಯಲ್ಲಿತ್ತು. ದಡದಾಚೆಗೆ ಕೊಲ್ಲಿಯ ತಳ ಬಹುದೂರದವರೆಗೆ ಆಳವಿಲ್ಲದೆ ಹರಡಿರುವುದರಿಂದ ಹೀಗೆ ನೂಕಿದ ನೀರಿಗೆ ಕೆಳಗೆ ಇಳಿಯಲು ಜಾಗವಿರಲಿಲ್ಲ, ಮೇಲಕ್ಕೇ ಏರಬೇಕಾಯಿತು. ನಿತ್ಯದ ಉಬ್ಬರವಿಳಿತಕ್ಕೂ ಈ ಕಡಲುಬ್ಬರಕ್ಕೂ ಹೋಲಿಕೆಯೇ ಇಲ್ಲ. ಟಿಂಡಲ್ ವಾಯುನೆಲೆಯಿಂದ ಪೋರ್ಟ್ ಸೇಂಟ್ ಜೋ ಪಟ್ಟಣದವರೆಗಿನ ಕರಾವಳಿಯ ಕೆಲವು ಭಾಗಗಳಲ್ಲಿ ನೆಲಮಟ್ಟಕ್ಕಿಂತ 9ರಿಂದ 14 ಅಡಿ ಎತ್ತರಕ್ಕೆ ನೀರು ನಿಂತಿತು. ಒಂದು ಘನ ಮೀಟರ್ ಕಡಲ ನೀರಿನ ತೂಕ ಒಂದು ಟನ್ನಿಗೂ ಸ್ವಲ್ಪ ಹೆಚ್ಚು; ಅದು ಅಲೆಯಾಗಿ ಬಂದು ಬಡಿಯುವಾಗ, ನೆಲಮಟ್ಟದಲ್ಲಿ ಕಟ್ಟಿದ ಮನೆಯ ಗೋಡೆ ತಡೆದು ನಿಲ್ಲಲಾರದು.

ನೀರು ಇಳಿದ ಮೇಲೆ ಎಷ್ಟೋ ನಿವೇಶನಗಳಲ್ಲಿ ಉಳಿದದ್ದು ಕಾಂಕ್ರೀಟಿನ ತಳಹಾಸು ಮಾತ್ರ. ಇಲ್ಲಿಂದಲೇ ವಿಮೆಯ ತೊಡಕು ಶುರುವಾಗುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಮನೆವಿಮೆ ಗಾಳಿಯ ಹಾನಿಯನ್ನು ಭರಿಸುತ್ತದೆ, ನೆರೆಯ ಹಾನಿಯನ್ನು ಭರಿಸುವುದಿಲ್ಲ. ನೆರೆಗೆ ಬೇರೆಯೇ ವಿಮೆ ಬೇಕು. 1968ರಲ್ಲಿ ಆರಂಭವಾದ ರಾಷ್ಟ್ರೀಯ ನೆರೆ ವಿಮಾ ಯೋಜನೆಯಡಿ ಒಂದು ಮನೆಯ ಕಟ್ಟಡಕ್ಕೆ ಸಿಗುವ ಗರಿಷ್ಠ ಮೊತ್ತ 2,50,000 ಡಾಲರ್. ಗೋಡೆಯೇ ಇಲ್ಲದ ತಳಹಾಸಿನ ಮುಂದೆ ನಿಂತು, ಮನೆಯನ್ನು ಮೊದಲು ಗಾಳಿ ಮುರಿಯಿತೋ ನೀರು ಒಯ್ದಿತೋ ಎಂದು ಸಾಬೀತುಪಡಿಸುವುದು ಹೇಗೆ? ಈ ವಾದದಲ್ಲಿ ತಿಂಗಳುಗಳು ಕಳೆಯುತ್ತವೆ. ಇದಕ್ಕೆ ವಿರುದ್ಧವಾಗಿ ಆರ್‌ವಿಯ ವಿಮೆ ವಾಹನ ವಿಮೆಯ ಜಾತಿಗೆ ಸೇರಿದ್ದು. ಸಮಗ್ರ ವಿಮೆ ಮಾಡಿಸಿದ್ದರೆ ಗಾಳಿ, ನೀರು ಎಂಬ ಭೇದವಿಲ್ಲದೆ ಸಾಮಾನ್ಯವಾಗಿ ಎರಡಕ್ಕೂ ಪರಿಹಾರ ಸಿಗುತ್ತದೆ. ಚಕ್ರವಿರುವುದರ ಮೊದಲ ಅನುಕೂಲ ಇದು. ಸಾಲಾಗಿ ನಿಂತ ಮನೆಗಳ ಮಾಲೀಕರು ಇನ್ನೂ ಕಾಗದ ಹಿಡಿದು ಅಲೆಯುತ್ತಿರುವಾಗ, ಹಾಳಾದ ಆರ್‌ವಿಯ ಮಾಲೀಕ ಮತ್ತೊಂದನ್ನು ಕೊಂಡು ತಂದು ನಿಲ್ಲಿಸಿರಲು ಸಾಧ್ಯ.

ಎರಡನೆಯ ತೊಡಕು ಶೇ 50ರ ನಿಯಮದ್ದು. ನೆರೆ ವಲಯದಲ್ಲಿರುವ ಕಟ್ಟಡವನ್ನು ಮೊದಲಿನ ಸ್ಥಿತಿಗೆ ತರುವ ವೆಚ್ಚ, ಹಾನಿಗೆ ಮುಂಚೆ ಆ ಕಟ್ಟಡಕ್ಕಿದ್ದ ಮಾರುಕಟ್ಟೆ ಬೆಲೆಯ ಅರ್ಧದಷ್ಟಾದರೆ ಅಥವಾ ಅದನ್ನು ಮೀರಿದರೆ, ಅದನ್ನು ಹಳೆಯ ರೂಪದಲ್ಲಿ ದುರಸ್ತಿ ಮಾಡುವಂತಿಲ್ಲ. ಹೊಸ ಕಟ್ಟಡಕ್ಕೆ ಅನ್ವಯಿಸುವ ನೆರೆ ನಿಯಮಗಳಂತೆ ಎತ್ತರಿಸಿಯೇ ಕಟ್ಟಬೇಕು. ಈ ಲೆಕ್ಕದಲ್ಲಿ ಜಮೀನಿನ ಬೆಲೆ ಸೇರುವುದಿಲ್ಲ. ಕಡಲಂಚಿನಲ್ಲಿ ಜಮೀನಿಗೆ ಬಂಗಾರದ ಬೆಲೆ ಇದ್ದರೂ ಅದರ ಮೇಲಿನ ಹಳೆಯ ಪುಟ್ಟ ಮನೆಗೆ ಅಷ್ಟೇನೂ ಬೆಲೆ ಇರುವುದಿಲ್ಲವಾದ್ದರಿಂದ, ಸಾಧಾರಣ ಹಾನಿಯೂ ಅರ್ಧದ ಗೆರೆಯನ್ನು ಸುಲಭವಾಗಿ ದಾಟಿಬಿಡುತ್ತದೆ. ಆಗ ನೆಲದಾಳಕ್ಕೆ ಕಂಬಗಳನ್ನು ಇಳಿಸಿ, ಅವುಗಳ ಮೇಲೆ ಮನೆಯನ್ನು ಎಬ್ಬಿಸಬೇಕು. ನೆರೆ ವಿಮೆಯಲ್ಲಿ ಈ ಹೆಚ್ಚುವರಿ ಕೆಲಸಕ್ಕೆಂದು 30,000 ಡಾಲರ್‌ವರೆಗೆ ಸಹಾಯವಿದೆ, ಆದರೆ ಕರಾವಳಿಯಲ್ಲಿ ಕಂಬದ ಮೇಲೆ ಮನೆ ಕಟ್ಟುವ ಖರ್ಚಿಗೆ ಅದು ಸಾಲುವುದಿಲ್ಲ. ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಮುಳುಗುವ ಜಾಗದಲ್ಲಿ ಮತ್ತೆ ಮುಳುಗುವಂಥದ್ದನ್ನೇ ಕಟ್ಟಲು ಬಿಡಬಾರದು. ಆದರೆ ಅದರ ಪರಿಣಾಮವಾಗಿ, ವಿಮೆಯ ಹಣಕ್ಕೂ ಹೊಸ ಮನೆಯ ಬೆಲೆಗೂ ನಡುವಿನ ಕಂದಕದಲ್ಲಿ ಸಿಕ್ಕಿಕೊಂಡ ಕುಟುಂಬಗಳು ವರ್ಷಗಟ್ಟಲೆ ಆರ್‌ವಿಯಲ್ಲಿ ಬಾಳಬೇಕಾಗುತ್ತದೆ.

ಹಾಗಾದರೆ ಆರ್‌ವಿಯನ್ನು ನೆರೆ ವಲಯದಲ್ಲಿ ನಿಲ್ಲಿಸಬಹುದೇ? ಇದಕ್ಕೆ ಕೇಂದ್ರ ಸರ್ಕಾರದ ನೆರೆ ನಿಯಮಾವಳಿಯಲ್ಲಿ ಸ್ಪಷ್ಟ ಉತ್ತರವಿದೆ, ಮತ್ತು ಈ ಇಡೀ ವಿಷಯದ ಕೀಲಿ ಅದರಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಆ ನಿಯಮದ ದೃಷ್ಟಿಯಲ್ಲಿ ಆರ್‌ವಿ ಎಂದರೆ ಒಂದೇ ಅಡಿಗಟ್ಟಿನ ಮೇಲೆ ಕೂರಿಸಿದ, 400 ಚದರಡಿ ಮೀರದ, ತಾನೇ ಓಡುವ ಇಲ್ಲವೇ ಸಣ್ಣ ಟ್ರಕ್ ಎಳೆದೊಯ್ಯಬಲ್ಲ, ಶಾಶ್ವತ ವಾಸಕ್ಕಲ್ಲದೆ ತಾತ್ಕಾಲಿಕ ವಾಸಕ್ಕೆಂದು ರೂಪಿಸಿದ ವಾಹನ. ಅದು ನೆರೆ ವಲಯದಲ್ಲಿ ನಿಲ್ಲಬೇಕಾದರೆ ಮೂರರಲ್ಲಿ ಒಂದು ಷರತ್ತನ್ನು ಪೂರೈಸಬೇಕು: ಒಂದೇ ಜಾಗದಲ್ಲಿ ಸತತ 180 ದಿನಕ್ಕಿಂತ ಕಡಿಮೆ ಕಾಲ ನಿಲ್ಲಬೇಕು, ಅಥವಾ ಪರವಾನಗಿ ಪಡೆದು ರಸ್ತೆಗಿಳಿಯಲು ಸಿದ್ಧವಾಗಿರಬೇಕು, ಇಲ್ಲವಾದರೆ ಮನೆಗೆ ಅನ್ವಯಿಸುವಂತೆ ಎತ್ತರಿಸಿ ನೆಲಕ್ಕೆ ಬಿಗಿಯಬೇಕು. ರಸ್ತೆಗಿಳಿಯಲು ಸಿದ್ಧ ಎಂಬ ಮಾತಿಗೂ ನಿಯಮವೇ ಅರ್ಥ ಕೊಟ್ಟಿದೆ. ಗಾಡಿ ತನ್ನ ಚಕ್ರಗಳ ಮೇಲೋ ಜಾಕಿಗಳ ಮೇಲೋ ನಿಂತಿರಬೇಕು, ನೀರು, ಕರೆಂಟು, ಚರಂಡಿಯ ಜೋಡಣೆಗಳು ಕೈಯಲ್ಲಿ ಕಿತ್ತು ತೆಗೆಯುವಂತಿರಬೇಕು, ಅದಕ್ಕೆ ಶಾಶ್ವತವಾಗಿ ಸೇರಿಸಿದ ಯಾವುದೇ ಕಟ್ಟಡಭಾಗ ಇರಕೂಡದು.

ಈ ಕೊನೆಯ ಮಾತನ್ನು ಗಮನಿಸಬೇಕು. ಆರು ತಿಂಗಳು ಒಂದೆಡೆ ಇದ್ದವರು ಬಾಗಿಲ ಮುಂದೆ ಮರದ ಜಗಲಿ ಹಾಕುತ್ತಾರೆ, ಮಳೆಗೆಂದು ಮಾಡು ಇಳಿಸುತ್ತಾರೆ, ಚಳಿಗೆಂದು ಗಾಡಿಯ ಕೆಳಭಾಗಕ್ಕೆ ಹಲಗೆ ಬಡಿಯುತ್ತಾರೆ. ಮನುಷ್ಯರು ನೆಲೆಯೂರುವ ರೀತಿಯೇ ಹಾಗೆ. ಆದರೆ ಮೊಳೆ ಹೊಡೆದು ಸೇರಿಸಿದ ಆ ಜಗಲಿಯಿಂದಾಗಿ ನಿಯಮದ ಕಣ್ಣಿನಲ್ಲಿ ವಾಹನವು ಮನೆಯಾಗಿಬಿಡುತ್ತದೆ, ಮನೆಯಾದ ತಕ್ಷಣ ಅದನ್ನು ಎತ್ತರಿಸಬೇಕು. ಆದ್ದರಿಂದಲೇ ಕಟ್ಟುನಿಟ್ಟಾಗಿ ನಡೆಯುವ ತಂಗುದಾಣಗಳಲ್ಲಿ, ಮಾಲೀಕರು ಕಲ್ಲೆದೆಯವರೋ ಎನ್ನಿಸುವಷ್ಟು ಬಿಗಿಯಾಗಿ, ಜಗಲಿ ಬೇಡ, ಮಾಡು ಬೇಡ, ಟೈರು ಬಿಚ್ಚಬೇಡಿ ಎಂದು ಹೇಳುತ್ತಾರೆ.

ಇನ್ನು ತಂಗುದಾಣದ ಒಳಗಿನ ವ್ಯವಸ್ಥೆ. ಪ್ರತಿಯೊಂದು ನಿಲುಗಡೆಯಲ್ಲೂ ನೀರಿನ ನಲ್ಲಿ, ಕರೆಂಟಿನ ಕಂಬ, ಚರಂಡಿಯ ಬಾಯಿ ಎಂಬ ಮೂರು ಸಂಪರ್ಕಗಳಿದ್ದರೆ ಅದನ್ನು ಪೂರ್ಣ ಹುಕ್‌ಅಪ್ ಎನ್ನುತ್ತಾರೆ. ಫ್ಲಾರಿಡಾದಲ್ಲಿ ಆರ್‌ವಿ ಪಾರ್ಕುಗಳಿಗೆ ಪರವಾನಗಿ ಕೊಡುವುದು ಆರೋಗ್ಯ ಇಲಾಖೆ, ಏಕೆಂದರೆ ಇಲ್ಲಿ ಕಾಯಬೇಕಾದದ್ದು ಮುಖ್ಯವಾಗಿ ನೀರು ಮತ್ತು ಮಲಿನದ ಶುಚಿತ್ವವನ್ನು. ಪ್ರವಾಸಿಗೆ ಕಾಣುವುದು ಮೂರು ಸಂಪರ್ಕಗಳು ಮಾತ್ರ. ಅವುಗಳ ಹಿಂದೆ ಇಡೀ ಊರಿನ ಭೂಗತ ಜಾಲವೇ ಇದೆ, ಚಂಡಮಾರುತ ಹರಿದು ಹಾಕಿದ್ದು ಅದನ್ನೇ.

ನೀರಿನಿಂದ ಆರಂಭಿಸೋಣ. ಮನೆ ಕೊಚ್ಚಿಹೋದಾಗ ಅದಕ್ಕೆ ಬರುತ್ತಿದ್ದ ಕೊಳವೆ ತೆರೆದ ಬಾಯಿಯಾಗಿ ಉಳಿಯುತ್ತದೆ. ಎಂಟುನೂರು ಕಟ್ಟಡಗಳು ಹೋದ ಊರಿನಲ್ಲಿ ಅಂಥ ಬಾಯಿಗಳು ನೂರಾರು. ಮರಳಿನಲ್ಲಿ ಹೂತುಹೋದ ಒಂದೊಂದನ್ನೂ ಹುಡುಕಿ ಮುಚ್ಚುವವರೆಗೆ ಜಾಲದಲ್ಲಿ ಒತ್ತಡ ಏರುವುದಿಲ್ಲ. ಒತ್ತಡ ಬಿದ್ದಾಗ ಹೊರಗಿನ ಕೊಳಕು ನೀರು ಬಿರುಕುಗಳ ಮೂಲಕ ಕೊಳವೆಯೊಳಗೆ ನುಗ್ಗಬಹುದು. ಅದಕ್ಕಾಗಿಯೇ ನೀರನ್ನು ಕುದಿಸಿ ಕುಡಿಯಿರಿ ಎಂಬ ಸೂಚನೆ ಹೊರಡುತ್ತದೆ. ಕೊಳವೆಗಳನ್ನು ಕ್ಲೋರಿನ್ ಹಾಕಿ ತೊಳೆದು, ಸತತ ಎರಡು ದಿನ ತೆಗೆದ ಮಾದರಿಗಳಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದು ಖಚಿತವಾದ ಮೇಲಷ್ಟೇ ಅದನ್ನು ಹಿಂತೆಗೆಯುತ್ತಾರೆ. ತಂಗುದಾಣದ ನಲ್ಲಿಯಲ್ಲಿ ನೀರು ಬರುತ್ತಿದೆ ಎಂಬ ಒಂದೇ ಕಾರಣಕ್ಕೆ ಗಾಡಿಯ ಟ್ಯಾಂಕನ್ನು ತುಂಬಿಸಿಕೊಳ್ಳುವುದು ಸರಿಯಲ್ಲ. ಒಮ್ಮೆ ಕೆಟ್ಟ ನೀರು ಸೇರಿದ ಟ್ಯಾಂಕನ್ನೂ ಅದರ ಕೊಳವೆಗಳನ್ನೂ ಮತ್ತೆ ಶುದ್ಧ ಮಾಡುವುದು ದೊಡ್ಡ ಕೆಲಸ.

ಮಲಿನದ್ದು ಇನ್ನೂ ಕಷ್ಟದ ಕಥೆ. ಆರ್‌ವಿಯಲ್ಲಿ ಶೌಚದ ಮಲಿನಕ್ಕೆ ಒಂದು ತೊಟ್ಟಿ, ಬಚ್ಚಲು ಮತ್ತು ಪಾತ್ರೆ ತೊಳೆದ ನೀರಿಗೆ ಇನ್ನೊಂದು ತೊಟ್ಟಿ ಇರುತ್ತದೆ. ಇವು ಕೆಲವೇ ದಿನಗಳಲ್ಲಿ ತುಂಬುತ್ತವೆ, ಚರಂಡಿಯ ಬಾಯಿಗೆ ಖಾಲಿ ಮಾಡಬೇಕು. ಕರಾವಳಿಯ ಸಮತಟ್ಟು ನೆಲದಲ್ಲಿ ಮಲಿನ ತಾನಾಗಿ ಇಳಿದು ಹರಿಯುವುದಿಲ್ಲ; ಅಲ್ಲಲ್ಲಿ ತೋಡಿದ ಬಾವಿಗಳಲ್ಲಿ ಅದನ್ನು ಕೂಡಿಸಿ, ಪಂಪಿನಿಂದ ಮೇಲೆತ್ತಿ ಮುಂದಕ್ಕೆ ತಳ್ಳಬೇಕು. ಆ ಪಂಪುಗಳಿಗೆ ಕರೆಂಟು ಬೇಕು, ಅವುಗಳ ನಿಯಂತ್ರಣ ಪೆಟ್ಟಿಗೆಗಳೊಳಗೆ ಉಪ್ಪುನೀರು ಹೊಕ್ಕರೆ ಸಂಪರ್ಕಬಿಂದುಗಳು ತುಕ್ಕು ಹಿಡಿಯುತ್ತವೆ. ಊರಿನಾಚೆಯ ತಂಗುದಾಣಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇದ್ದರೆ, ನೆರೆಯಿಂದ ನೀರು ಕುಡಿದು ತುಂಬಿದ ಮಣ್ಣು ಅದರ ಹೊರಹರಿವನ್ನು ಹೀರಿಕೊಳ್ಳಲಾರದು. ಹೀಗಾಗಿ ನೂರು ನಿಲುಗಡೆಗಳಿರುವ ಪಾರ್ಕು ತೆರೆದಿದೆ ಎಂದರೆ ನೂರು ಗಾಡಿಗಳನ್ನು ತಾಳಿಕೊಳ್ಳುತ್ತದೆ ಎಂದು ಅರ್ಥವಲ್ಲ; ಚರಂಡಿ ತಾಳುವಷ್ಟು ಮಾತ್ರ ತಾಳುತ್ತದೆ.

ಕರೆಂಟಿನ ಕಂಬದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಂಪರ್ಕ ಸಿಗುತ್ತವೆ. 30 ಆ್ಯಂಪಿನದು 120 ವೋಲ್ಟಿನ ಒಂದೇ ಎಳೆ, ಒಟ್ಟು 3,600 ವ್ಯಾಟ್. 50 ಆ್ಯಂಪಿನದು ಅಂಥ ಎರಡು ಎಳೆಗಳು, ಒಟ್ಟು 12,000 ವ್ಯಾಟ್. ನಮ್ಮ ದೇಶದ ಮನೆಗಳಲ್ಲಿ 230 ವೋಲ್ಟ್ ಹರಿಯುವುದರಿಂದ ಭಾರತದಿಂದ ಹೋಗಿ ಆರ್‌ವಿ ಬಾಡಿಗೆಗೆ ಪಡೆಯುವವರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ದುರಸ್ತಿಯ ಕಾಲದಲ್ಲಿ ಎಲ್ಲ ಗಾಡಿಗಳೂ ಏಕಕಾಲಕ್ಕೆ ಎ.ಸಿ. ಹಾಕಿದರೆ ವೋಲ್ಟೇಜು ಕುಸಿದು ಎ.ಸಿ.ಯ ಕಂಪ್ರೆಸರ್ ಸುಟ್ಟುಹೋಗುವ ಅಪಾಯವಿದೆ. ಏರಿಳಿತವನ್ನು ಗುರುತಿಸಿ ಕಡಿತಗೊಳಿಸುವ ರಕ್ಷಣಾ ಸಾಧನ ಅಲ್ಲಿ ಅಗತ್ಯ.

ಈಗ ಆ ನಿಲುಗಡೆಗಳಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆ. ಚಂಡಮಾರುತದ ಮರುದಿನದಿಂದಲೇ ವಿದ್ಯುತ್ ಮಾರ್ಗ ಜೋಡಿಸುವವರು, ಬಿದ್ದ ಮರ ಕಡಿಯುವವರು, ಅವಶೇಷ ಸಾಗಿಸುವವರು, ಮೇಲ್ಛಾವಣಿ ಹಾಕುವವರು ದೂರದ ರಾಜ್ಯಗಳಿಂದ ಬರುತ್ತಾರೆ. ಅವರಿಗೆ ಹೋಟೆಲಿಲ್ಲ, ಬಾಡಿಗೆ ಮನೆಯಿಲ್ಲ. ಬರುವಾಗಲೇ ಆರ್‌ವಿ ಎಳೆದು ತರುತ್ತಾರೆ. ಎರಡನೆಯವರು ಮನೆ ಕಳೆದುಕೊಂಡ ಸ್ಥಳೀಯರು. ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ, ಬಾಡಿಗೆಗೆ ಮನೆಗಳೇ ಸಿಗದ ಕಡೆಗಳಲ್ಲಿ ಟ್ರೇಲರುಗಳನ್ನು ಒದಗಿಸುತ್ತದೆ. ಅವನ್ನು ನಿಲ್ಲಿಸಲು ಇರುವ ತಂಗುದಾಣಗಳಲ್ಲೇ ಜಾಗವನ್ನು ಬಾಡಿಗೆಗೆ ಹಿಡಿಯುವುದೂ ಉಂಟು. ವಿಪತ್ತು ಘೋಷಣೆಯಾದ ದಿನದಿಂದ 18 ತಿಂಗಳು ಎಂಬುದು ಈ ನೆರವಿನ ಅವಧಿ, ಸಂದರ್ಭ ನೋಡಿ ವಿಸ್ತರಿಸುತ್ತಾರೆ. 2005ರ ಕತ್ರಿನಾ ಚಂಡಮಾರುತದ ನಂತರ ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಟ್ರೇಲರು ಮತ್ತು ಸಂಚಾರಿ ಮನೆಗಳನ್ನು ಹಂಚಿದ್ದರು. ಆ ಟ್ರೇಲರುಗಳ ಒಳಗೋಡೆಯ ಹಲಗೆಗಳಿಂದ ಫಾರ್ಮಾಲ್ಡಿಹೈಡ್ ಅನಿಲ ಹೊಮ್ಮಿ ಜನರ ಕಣ್ಣು, ಉಸಿರು ಕೆಟ್ಟಿತು. ರೋಗ ನಿಯಂತ್ರಣ ಕೇಂದ್ರವು 519 ಟ್ರೇಲರು, ಸಂಚಾರಿ ಮನೆಗಳ ಗಾಳಿಯನ್ನು ಪರೀಕ್ಷಿಸಿ 2008ರಲ್ಲಿ, ಬೇಸಿಗೆ ಬರುವ ಮೊದಲೇ ಜನರನ್ನು ಬೇರೆಡೆಗೆ ಸಾಗಿಸಬೇಕೆಂದು ಸಲಹೆ ಕೊಟ್ಟಿತು. ವಾರಾಂತ್ಯದ ವಿಹಾರಕ್ಕೆಂದು ಮಾಡಿದ ಪೆಟ್ಟಿಗೆಯೊಳಗೆ ಸಂಸಾರವನ್ನು ವರ್ಷಗಟ್ಟಲೆ ಇಟ್ಟರೆ ಏನಾಗುತ್ತದೆ ಎಂಬುದು ಹಾಗೆ ದಾಖಲಾಯಿತು.

ಮೂರನೆಯವರು ಪ್ರವಾಸಿಗಳು. ಮನೆಮಠ ಕಳೆದುಕೊಂಡವರ ಊರಿಗೆ ವಿಹಾರಕ್ಕೆ ಹೋಗುವುದು ಸರಿಯೇ ಎಂಬ ಸಂಕೋಚ ಎಂಥವರಿಗೂ ಬರಬೇಕಾದದ್ದೇ. ಆದರೆ ಲೆಕ್ಕವನ್ನೂ ನೋಡಬೇಕು. ಫ್ಲಾರಿಡಾದಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಸ್ಥಳೀಯ ಆಡಳಿತ ಹೆಚ್ಚಾಗಿ ನಿಂತಿರುವುದು ಆಸ್ತಿ ತೆರಿಗೆಯ ಮೇಲೆ. ಆಸ್ತಿಯ ಮೌಲ್ಯವನ್ನು ಪ್ರತಿ ವರ್ಷದ ಜನವರಿ 1ರಂದು ಇದ್ದಂತೆ ಕಟ್ಟುತ್ತಾರೆ. ಅಕ್ಟೋಬರಿನಲ್ಲಿ ಮನೆಗಳು ಹೋದರೆ ಜನವರಿಯ ಲೆಕ್ಕದಲ್ಲಿ ಖಾಲಿ ನಿವೇಶನಗಳು ಮಾತ್ರ ಉಳಿಯುತ್ತವೆ. ಕೊಳವೆ, ರಸ್ತೆಗಳನ್ನು ಕಟ್ಟಲು ಊರಿಗೆ ಹಣ ಅತಿ ಹೆಚ್ಚು ಬೇಕಾದ ವರ್ಷವೇ ಅದರ ವರಮಾನ ನೆಲಕಚ್ಚುತ್ತದೆ. ಸ್ಥಳೀಯವಾಗಿ ಸಿಗುವ ಇನ್ನೊಂದು ವರಮಾನ ತಂಗುವವರ ಬಾಡಿಗೆಯ ಮೇಲೆ ಹಾಕುವ ಪ್ರವಾಸಿ ತೆರಿಗೆ. ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಬಾಡಿಗೆಗಳಿಗೆ ಅದು ಅನ್ವಯಿಸುತ್ತದೆ, ಆರ್‌ವಿ ಪಾರ್ಕುಗಳೂ ಅದರ ವ್ಯಾಪ್ತಿಯಲ್ಲಿವೆ. ಅಂದರೆ ವರ್ಷದ ಕರಾರು ಬರೆದುಕೊಟ್ಟ ಕಾರ್ಮಿಕನ ಬಾಡಿಗೆಯಿಂದ ಆ ತೆರಿಗೆ ಬರುವುದಿಲ್ಲ, ವಾರಕ್ಕೆ ಬಂದು ಹೋಗುವ ಪ್ರವಾಸಿಯಿಂದ ಬರುತ್ತದೆ. ಆದರೆ ಆ ಕಾರ್ಮಿಕನಿಗೆ ಜಾಗ ಸಿಗದಿದ್ದರೆ ಮನೆಗಳು ಏಳುವುದಿಲ್ಲ. ಮೊದಲ ತಿಂಗಳುಗಳಲ್ಲಿ ಪ್ರವಾಸಿ ದೂರವಿರುವುದೇ ಸರಿ ಎಂಬುದು ನನ್ನ ನಿಲುವು. ಕುದಿಸುವ ಸೂಚನೆ ಹಿಂತೆಗೆದು, ಚರಂಡಿ ನಡೆಯಲಾರಂಭಿಸಿ, ತಂಗುದಾಣದವರೇ ಜಾಗವಿದೆ ಎಂದಾಗ ಹೋಗಿ, ಊರಿನ ಅಂಗಡಿಯಲ್ಲೇ ದಿನಸಿ ಕೊಂಡು ಊರಿನ ಹೋಟೆಲಿನಲ್ಲೇ ಉಣ್ಣುವವರು ನಿಜವಾಗಿ ಉಪಕಾರ ಮಾಡುತ್ತಾರೆ. ರಸ್ತೆಯಂಚಿನಲ್ಲಿ ಮೊಳೆಗಳು ಬಹುಕಾಲ ಉಳಿದಿರುತ್ತವೆ, ಹೆಚ್ಚುವರಿ ಟೈರು ಜೊತೆಗಿರಲಿ.

ತಂಗುದಾಣವೇ ಮರಳಿ ಬಾರದ ಸಂದರ್ಭವೂ ಇದೆ, ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಅದು. ಫ್ಲಾರಿಡಾದ ನೈರುತ್ಯ ಕರಾವಳಿಯ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ರೆಡ್ ಕೋಕೊನಟ್ ಎಂಬ ಹಳೆಯ ಆರ್‌ವಿ ಪಾರ್ಕ್ ಕಡಲಿಗೆ ಮುಖ ಮಾಡಿಯೇ ಇತ್ತು. ಲಕ್ಷಾಂತರ ಡಾಲರಿನ ಮನೆಗಳ ಸಾಲಿನಲ್ಲಿ, ಸಾಧಾರಣ ವರಮಾನದವರೂ ಅಲೆಯ ಸದ್ದು ಕೇಳುತ್ತ ಮಲಗಬಹುದಾಗಿದ್ದ ಜಾಗ ಅದು. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತದ ಕಡಲುಬ್ಬರ ಅದನ್ನು ಅಳಿಸಿಹಾಕಿತು. ಮರುವರ್ಷ ಆ ಜಮೀನು ಅಭಿವೃದ್ಧಿದಾರರ ಪಾಲಾಯಿತು. ಆರ್ಥಿಕವಾಗಿ ಇದರಲ್ಲಿ ಅಚ್ಚರಿಯೇನಿಲ್ಲ. ಕಡಲಂಚಿನ ಎಕರೆಗಳ ಮೇಲೆ ದಿನಬಾಡಿಗೆಯ ಗಾಡಿಗಳು ಗಳಿಸುವುದಕ್ಕಿಂತ ಮನೆಗಳನ್ನು ಕಟ್ಟಿ ಮಾರಿದರೆ ಬಹಳ ಹೆಚ್ಚು ಸಿಗುತ್ತದೆ, ಅದುವರೆಗೆ ಮಾಲೀಕರನ್ನು ತಡೆದಿದ್ದದ್ದು ನಡೆಯುತ್ತಿದ್ದ ವ್ಯವಹಾರ ಮತ್ತು ಅಲ್ಲಿ ನೆಲೆಸಿದ್ದ ಜನ. ಎರಡೂ ಒಂದೇ ಮಧ್ಯಾಹ್ನ ಇಲ್ಲವಾದವು.

ಖಾಸಗಿ ತಂಗುದಾಣಗಳು ಕೈಬಿಟ್ಟಾಗ ಸಾರ್ವಜನಿಕ ಉದ್ಯಾನಗಳ ಕಡೆ ನೋಡಬೇಕಾಗುತ್ತದೆ, ಅವೂ ಚಂಡಮಾರುತಕ್ಕೆ ಹೊರತಲ್ಲ. ಮೆಕ್ಸಿಕೊ ಬೀಚಿಗೆ ಹತ್ತಿರದ ಸೇಂಟ್ ಜೋಸೆಫ್ ಪರ್ಯಾಯ ದ್ವೀಪದ ರಾಜ್ಯ ಉದ್ಯಾನದಲ್ಲಿ ಮೈಕಲ್ ಮರಳಿನ ಪಟ್ಟಿಯನ್ನೇ ಸೀಳಿ, ಅದರ ಉತ್ತರ ಭಾಗವನ್ನು ದ್ವೀಪವಾಗಿಸಿತ್ತು. ಮನೆ ಕಟ್ಟಿಕೊಳ್ಳುತ್ತಿರುವವರಿಗೆ ಸ್ವಂತ ನಿವೇಶನದಲ್ಲೇ ಆರ್‌ವಿ ಇಟ್ಟುಕೊಂಡಿರಲು ಅವಕಾಶ ಕೊಡಬೇಕೆಂಬ ಒತ್ತಾಯಕ್ಕೆ ಮಾತ್ರ ಫಲ ಸಿಕ್ಕಿತು: ಫ್ಲಾರಿಡಾ ರಾಜ್ಯ 2023ರಲ್ಲಿ ಮಾಡಿದ ಕಾಯ್ದೆಯಂತೆ, ತುರ್ತು ಸ್ಥಿತಿಯ ಘೋಷಣೆಯಾದಾಗಿನಿಂದ 36 ತಿಂಗಳವರೆಗೆ, ದುರಸ್ತಿಗೆ ಪ್ರಾಮಾಣಿಕವಾಗಿ ಯತ್ನಿಸುತ್ತಿರುವ ನಿವಾಸಿಯು ತನ್ನ ನಿವೇಶನದಲ್ಲಿ ಇಂಥ ತಾತ್ಕಾಲಿಕ ಆಸರೆಯಲ್ಲಿ ವಾಸಿಸುವುದನ್ನು ಸ್ಥಳೀಯ ಆಡಳಿತಗಳು ನಿಷೇಧಿಸುವಂತಿಲ್ಲ.

ಮೂವತ್ತಾರು ತಿಂಗಳೆಂದರೆ ಮೂರು ಮಳೆಗಾಲ ಎನ್ನುವಂತೆ, ಅಲ್ಲಿ ಮೂರು ಚಂಡಮಾರುತದ ಋತುಗಳು. ಆ ಋತು ಜೂನ್ 1ಕ್ಕೆ ಮೊದಲಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ಚಳಿಗಾಲದ ಅತಿಥಿಗಳು ಅದು ಆರಂಭವಾಗುವಷ್ಟರಲ್ಲಿ ಉತ್ತರಕ್ಕೆ ಮರಳಿರುತ್ತಾರೆ. ಜೂನಿನಲ್ಲಿ ತಂಗುದಾಣದಲ್ಲಿ ಉಳಿಯುವವರು ಕಾರ್ಮಿಕರು ಮತ್ತು ಇನ್ನೂ ಮನೆ ಏಳದ ಸ್ಥಳೀಯರು. ಮೈಕಲ್ ಒಂದು ಹೆಸರು ಪಡೆಯುವಷ್ಟು ಬಲಿತದ್ದು ಅಕ್ಟೋಬರ್ 7ರ ಭಾನುವಾರ, ಸೋಮವಾರ ಅದು ಚಂಡಮಾರುತವಾಯಿತು, ಬುಧವಾರ ಮಧ್ಯಾಹ್ನ ಊರಿನ ಮೇಲಿತ್ತು. ಗಾಳಿಗೆ ಸಿಕ್ಕರೆ ಮಗುಚಿಕೊಳ್ಳುವ ಎತ್ತರದ ಗಾಡಿಯನ್ನು ಎಳೆದುಕೊಂಡು ಸೇತುವೆಗಳನ್ನು ದಾಟಬೇಕಾದವರು ಗಾಳಿ ಏಳುವ ಮೊದಲೇ ಹೊರಡಬೇಕು, ಅಂದರೆ ಅವರ ಕೈಯಲ್ಲಿದ್ದದ್ದು ಸೋಮವಾರ ಮತ್ತು ಮಂಗಳವಾರ. ಅಷ್ಟರೊಳಗೆ ಎಷ್ಟೋ ತಿಂಗಳಿಂದ ಅಲುಗಾಡದ ಟೈರುಗಳಿಗೆ ಗಾಳಿ ತುಂಬಿಸಬೇಕು, ತೊಟ್ಟಿ ಖಾಲಿ ಮಾಡಬೇಕು, ಕೊಳವೆ ಬಿಚ್ಚಬೇಕು, ಬಾಗಿಲ ಮುಂದೆ ಜಗಲಿ ಹಾಕಿಕೊಂಡಿದ್ದರೆ ಅದರ ಮೊಳೆಗಳನ್ನು ಒಂದೊಂದಾಗಿ ಕೀಳಬೇಕು.